ಪೊಲಿಕ್ಸೇನಿ ಅತ್ತೆಯನ್ನು ಎತ್ತುವ ಶನಿವಾರ

ಫೆಬ್ರವರಿ 19, ಮಂಗಳವಾರ. ಸಂಜೆ

ಕೋಳಿಗೂಡಿನ ಚಿಲಕ ಮತ್ತೆ ಮುರಿದಿದೆ. ಸದ್ಯಕ್ಕೆ ತಂತಿ ಸುತ್ತಿದೆ. ಬಿಪಿ ಮಾತ್ರೆ ಬೆಳಿಗ್ಗೆ ಮರೆತು ಮಧ್ಯಾಹ್ನ ನುಂಗಿದೆ. ಸಂಜೆ ಎಂದಿನಂತೆ ಎಣ್ಣೆ ಬಾಟಲಿ ಹಿಡಿದು ಸ್ಮಶಾನಕ್ಕೆ. ಅತ್ತೆಯ ಗೋರಿಯ ದೀಪಕ್ಕೆ ಬತ್ತಿ ಹಾಕಿ, ಕಲ್ಲು ಒರೆಸಿ, ಊರ ಸುದ್ದಿ ಒಪ್ಪಿಸಿದೆ — ಬೇಕರಿಯವನ ಸೊಸೆ ಮತ್ತೆ ಬಸುರಿ, ಡೀಸೆಲ್ ರೇಟು ಏರಿದೆ, ನಿನ್ನ ಗುಲಾಬಿಗೆ ಹುಳ ಬಿದ್ದಿದೆ. ಎದ್ದು ನಿಲ್ಲುವಷ್ಟರಲ್ಲಿ ಪಾದ್ರಿ ವಾಯೋಸ್ ಗೇಟಿನ ಹತ್ತಿರ ಕಾಯುತ್ತಿದ್ದರು. ಪಾದ್ರಿ ತಾವಾಗಿ ಕಾಯುತ್ತಿದ್ದಾರೆಂದರೆ ಒಳ್ಳೆಯ ಸುದ್ದಿಯಲ್ಲ.

“ಅಸಿಮೀನಾ, ಐದು ವರ್ಷ ಆಯ್ತಲ್ಲಮ್ಮ.”

“ಮಾರ್ಚಿಗೆ ಆಗುತ್ತೆ.”

“ನಿಮ್ಮ ಚಿಕ್ಕಮ್ಮ ದಿಯಾಮಾಂತೋನ ಡಾಕ್ಟರು ಕೈಬಿಟ್ಟಿದಾರೆ. ಹಾರ್ಟು. ಈಸ್ಟರ್ ಹಬ್ಬ ನೋಡಿದ್ರೆ ಹೆಚ್ಚು. ಗುಡ್ಡ ಜಾರಿದ ಮೇಲೆ ಇಲ್ಲಿ ಹೊಸ ಗುಂಡಿಗೆ ಜಾಗ ಎಲ್ಲಿದೆ ಹೇಳು? ನಿಮ್ಮ ಮನೆತನಕ್ಕೆ ಇದೊಂದೇ ಗುಂಡಿ. ಪೊಲಿಕ್ಸೇನಿನ ಎತ್ತಬೇಕು. ಆತ್ಮಗಳ ಶನಿವಾರ ಇಟ್ಕೊಳ್ಳೋಣ. ಸತ್ತವರ ಪೂಜೆ ಮುಗಿಸ್ಕೊಂಡು.”

ತಲೆಯಾಡಿಸಿದೆ. ಇದೇನು ಹೊಸದಲ್ಲ. ಎಲ್ಲರನ್ನೂ ಎತ್ತುತ್ತೇವೆ. ಐದು ವರ್ಷ ಮಣ್ಣಲ್ಲಿ ಕರಗಿ, ಎಲುಬು ಮೇಲೆ ಬಂದು, ವೈನಿನಲ್ಲಿ ತೊಳೆಸಿಕೊಂಡು, ಪೆಟ್ಟಿಗೆಯಲ್ಲಿ ಎಲುಬಿನ ಮನೆ ಸೇರಿದರೆ ಸತ್ತವರ ಲೆಕ್ಕ ಚುಕ್ತಾ. ಅಪ್ಪನನ್ನು ಹಾಗೇ ಎತ್ತಿದ್ದೆವು. ಅವನ ಒಡಹುಟ್ಟಿದ ಅತ್ತೆಯೇ ಕೂತು ತೊಳೆದಿದ್ದಳು, ಮಗುವಿಗೆ ಸ್ನಾನ ಮಾಡಿಸುವ ಹಾಗೆ, ಗೊಣಗುತ್ತ.

ಆದರೆ ಅತ್ತೆಯ ವಿಷಯ ಬೇರೆ. ಪಾದ್ರಿಗೂ ಗೊತ್ತು. ಅದಕ್ಕೇ ನನ್ನ ಮುಖ ನೋಡದೆ ಮಾತಾಡಿದರು.

ಫೆ. 20, ಬುಧವಾರ

ಟೆನ್ಷನ್. ಹಾಲು ಒಲೆಯ ಮೇಲೆ ಉಕ್ಕಿ ಹೋಯಿತು.

ಆ ಮಾತನ್ನು ಇಲ್ಲಿ ಬರೆದಿಡುತ್ತೇನೆ. ಬರೆದರೆ ಸಣ್ಣದಾಗುತ್ತದೋ ನೋಡೋಣ.

1991ರ ಚಳಿಗಾಲ. ಗಡಿ ಬಿಚ್ಚಿತ್ತು, ಅಲ್ಬೇನಿಯಾದವರು ಬೆಟ್ಟ ಹತ್ತಿ ಇಳಿದು ಬರುತ್ತಿದ್ದರು. ದ್ರೀತಾ, ಅವಳ ಗಂಡ, ಒಂದು ಎದೆಗೂಸು. ಊರೆಲ್ಲ ಬಾಗಿಲು ಹಾಕಿಕೊಂಡಿತು. ಅತ್ತೆ ತನ್ನ ಕೆಳಗಿನ ಮನೆಯ ಬೀಗದಕೈ ಕೊಟ್ಟಳು. ಬಾಡಿಗೆಗಲ್ಲ. ಕೊಟ್ಟೇಬಿಟ್ಟಳು, ಆಮೇಲೆ ಪಟ್ಟಣಕ್ಕೆ ಹೋಗಿ ಪತ್ರವನ್ನೂ ಮಾಡಿಸಿದಳು. ಆ ಮನೆ ತನ್ನ ಮಗ ಲಾಂಬ್ರೋಸನಿಗೆ ಬರುತ್ತದೆಂದು ದಿಯಾಮಾಂತೋ ಚಿಕ್ಕಮ್ಮ, ಅತ್ತೆಯ ತಮ್ಮ ಥೋಮಾಸನ ಹೆಂಡತಿ, ಎಷ್ಟೋ ವರ್ಷದಿಂದ ಕಾದಿದ್ದಳು.

ಭಾನುವಾರ, ಪೂಜೆ ಬಿಟ್ಟ ಮೇಲೆ, ಚರ್ಚಿನ ಅಂಗಳದಲ್ಲಿ, ಊರೆಲ್ಲ ನೋಡುತ್ತಿರುವಾಗ ಚಿಕ್ಕಮ್ಮ ತಲೆವಸ್ತ್ರ ಕಿತ್ತೆಸೆದಳು. ಕೂದಲು ಬಿಚ್ಚಿದಳು. ಮಂಡಿಯೂರಿ ಎರಡೂ ಅಂಗೈಯಿಂದ ನೆಲ ಬಡಿದಳು.

“ಪೊಲಿಕ್ಸೇನಿ, ಈ ಮಣ್ಣು ನಿನ್ನ ಕರಗಿಸದೇ ಇರ್ಲಿ! ಸತ್ತ ಮೇಲೂ ನೀನು ಹಾಗೇ ಬಿದ್ದಿರು!”

ನಮ್ಮ ಕಡೆ ಇದಕ್ಕಿಂತ ದೊಡ್ಡ ಶಾಪವಿಲ್ಲ. ಸಾಯಿ ಅನ್ನಬಹುದು, ಕಣ್ಣು ಹೋಗಲಿ ಅನ್ನಬಹುದು, ಜಗಳ ಮುಗಿದ ಮೇಲೆ ಕಾಫಿಯನ್ನೂ ಕುಡಿಯಬಹುದು. ಇದನ್ನು ಯಾರೂ ಬಾಯಿಬಿಟ್ಟು ಅನ್ನುವುದಿಲ್ಲ. ಅಂದವರೇ ಹಿಂದಕ್ಕೆ ತೆಗೆದುಕೊಳ್ಳಬೇಕು; ಪಾದ್ರಿಯೂ ತೆಗೆಯಲಾರ, ಬಿಷಪ್ಪನೂ ತೆಗೆಯಲಾರ.

ಅತ್ತೆ ಏನೆಂದಳು? “ಏಳೇ ಮೇಲೆ, ಮಂಡಿಗೆ ಶೀತ ಹತ್ತುತ್ತೆ. ಬೀನ್ಸ್ ಸೂಪು ಒಲೆ ಮೇಲಿದೆ, ಬಾ.”

ಚಿಕ್ಕಮ್ಮ ಬರಲಿಲ್ಲ. ಅತ್ತೆ ಬದುಕಿರುವವರೆಗೂ ಮಾತಿಲ್ಲ. ಸತ್ತಾಗ ಬಂದಳು, ಮೇಣದ ಬತ್ತಿ ಹಚ್ಚಿದಳು. ಹೆಣದ ಮುಂದೆ ಶತ್ರುವೂ ಹೇಳುವ ಮಾತೊಂದಿದೆ — ಬಿಟ್ಟಿದ್ದೇನೆ, ಹೋಗು. ಅದನ್ನು ಹೇಳಲಿಲ್ಲ. ತುಟಿಯನ್ನೇ ನೋಡುತ್ತ ನಿಂತಿದ್ದೆ. ಅಲುಗಲಿಲ್ಲ.

ಬರೆದೆ. ಸಣ್ಣದಾಗಲಿಲ್ಲ.

ಫೆ. 22, ಶುಕ್ರವಾರ

ಹೆದರಿಕೆ ಯಾಕೆ ಎಂದು ನನಗೆ ನಾನೇ ಬೈದುಕೊಂಡೆ. ಅಂಥವಳನ್ನು ಮಣ್ಣು ಕರಗಿಸದೆ ಇನ್ಯಾರನ್ನು ಕರಗಿಸುತ್ತದೆ?

ಅಂತರ್ಯುದ್ಧದ ಕಾಲದಲ್ಲಿ ಹೊಸ ವಿಧವೆ, ಇಪ್ಪತ್ತನಾಲ್ಕು ವರ್ಷ. ಕತ್ತಲಾದರೆ ಬೆಟ್ಟದ ಬಂಡುಕೋರರಿಗೆ ರೊಟ್ಟಿ, ಬೆಳಗಾದರೆ ಸೈನಿಕರಿಗೆ ರೊಟ್ಟಿ. ಎರಡೂ ಕಡೆಯವರ ಕೈಲಿ ಒದೆ ತಿಂದಳು. “ಹಸಿದೋನ ಬಾಯಲ್ಲಿ ಪಾರ್ಟಿ ಯಾವುದು ಅಂತ ಬರ್ದಿರುತ್ತೇನೇ?” ಅನ್ನುತ್ತಿದ್ದಳು. ಅಮ್ಮ ಸತ್ತಾಗ ನನಗೆ ನಾಲ್ಕು ವರ್ಷ. ಅಪ್ಪ ಕುರಿ ಹಿಂದೆ ಹೋದ. ಕಂಕುಳಲ್ಲಿ ಎತ್ತಿಕೊಂಡು ತನ್ನ ಮನೆಗೆ ತಂದವಳು ಅವಳು.

ಆದರೆ ಸಂತಳಾಗಿರಲಿಲ್ಲ, ಅದನ್ನೂ ಹೇಳಬೇಕು. ಕೊಡುವಾಗ ಬೈಯುತ್ತಿದ್ದಳು. “ತಿನ್ನು, ತಿನ್ನು, ನನ್ನ ಹೊಸಿಲ ಮೇಲೆ ಸತ್ತು ನಂಗೆ ಕೆಲಸ ಹೆಚ್ಚಿಸಬೇಡ.” ಚೀಸ್ ಪೈ ಬೇಯಿಸಿದರೆ ಇಡೀ ತಟ್ಟೆ ಬೀದಿಗೆ, ನನಗೆ ಉಳಿಯುತ್ತಿದ್ದದ್ದು ಸೀದ ಅಂಚು. ಒಂದು ವರ್ಷ ಶಾಲೆಗೆಂದು ತಂದ ನನ್ನ ಹೊಸ ಬೂಟನ್ನು ಜಿಪ್ಸಿ ಹುಡುಗಿಗೆ ಕೊಟ್ಟುಬಿಟ್ಟಳು. ನಾನು ನೆಲದ ಮೇಲೆ ಬಿದ್ದು ಅತ್ತುಬಿಟ್ಟೆ. “ನಿಂಗೆ ಹಳೇದಿದೆ. ಅವಳಿಗೆ ಹಳೇದೂ ಇಲ್ಲ.” ಅಷ್ಟೇ. ಆ ವರ್ಷವೆಲ್ಲ ಬೆರಳು ಮಡಚಿಕೊಂಡು ನಡೆದೆ. ಮದುವೆಯಾಗದೆ ಅಂಚೆ ಕಿಟಕಿಯ ಹಿಂದೆ ಮುದುಕಿಯಾದ ಮೇಲೂ ಆ ಬೂಟಿನ ಕೋಪ ಪೂರ್ತಿ ಇಳಿದಿಲ್ಲ.

ಪಟ್ಟಣದ ಬಸ್ಸು ಹಿಮದಲ್ಲಿ ಸಿಕ್ಕಿಬಿದ್ದ ವರ್ಷ ಪ್ರಯಾಣಿಕರೆಲ್ಲ ನಮ್ಮ ಮನೆಯಲ್ಲೇ. ಮೂರು ದಿನ. ಡ್ರೈವರು ಅವಳ ಹಾಸಿಗೆಯಲ್ಲಿ, ಅವಳು ಒಲೆ ಪಕ್ಕದ ಕುರ್ಚಿಯಲ್ಲಿ. ಕೋಳಿಗಳನ್ನೆಲ್ಲ ಕೊಯ್ದಳು. ಹೋಗುವಾಗ ಅವರು ಕಣ್ಣೀರು ಹಾಕಿದರು. ಬಾಗಿಲು ಮುಚ್ಚಿ, “ಅಬ್ಬಾ, ತೊಲಗಿದ್ರು,” ಅಂದು ಸಂಜೆವರೆಗೆ ನಿದ್ದೆ ಹೊಡೆದಳು.

ಎಷ್ಟು ನೆನಪಾಗುತ್ತಾಳೆ. ಐದು ವರ್ಷವಾದರೂ ಮೇಜಿಗೆ ಎರಡು ತಟ್ಟೆ ಇಟ್ಟುಬಿಡುತ್ತೇನೆ.

ಫೆ. 23, ಶನಿವಾರ

ಚಿಕ್ಕಮ್ಮನ ಮನೆಗೆ ಹೋದೆ. ಕಿಟಕಿ ಪಕ್ಕ ದಿಂಬುಗಳಿಗೆ ಒರಗಿ ಕೂತಿದ್ದಳು, ಕಾಲು ಊದಿಕೊಂಡಿವೆ. ಲಾಂಬ್ರೋಸ್ ಪಟ್ಟಣದ ಪೆಟ್ರೋಲ್ ಬಂಕು ಬಿಟ್ಟು ಅಮ್ಮನ ಹತ್ತಿರ ಬಂದಿದ್ದಾನೆ. ಕಾಫಿ ಮಾಡಲು ಒಳಗೆ ಹೋದ.

“ಪಾದ್ರಿ ಹೇಳಿದ್ರಾ ಚಿಕ್ಕಮ್ಮ?”

“ಹೇಳಿದ್ರು. ನನ್ನ ಗುಂಡಿ ರೆಡಿ ಮಾಡ್ತಿದೀರಂತೆ. ಬದುಕಿರೋವಾಗ್ಲೇ. ಥ್ಯಾಂಕ್ಸು.”

“ಗುಂಡಿ ಎಲ್ಲರದೂ. ಚಿಕ್ಕಪ್ಪನೂ ಅಲ್ಲೇ ಮಲಗಿದ್ದ.”

“ಅದಕ್ಕೇ ಹೇಳ್ತೀನಿ, ತೋಡಬೇಡಿ. ನನ್ನ ಪಟ್ಟಣದಲ್ಲಿ ಹಾಕಿ. ಬಾಡಿಗೆ ಗುಂಡಿ ಸಿಗುತ್ತೆ.”

“ಗಂಡನ ಮಣ್ಣು ಬಿಟ್ಟು ಗುರುತಿಲ್ಲದವರ ಮಧ್ಯೆ ಮಲಗ್ತೀರಾ?”

ಕಿಟಕಿಯಾಚೆ ನೋಡಿದಳು. ಆಗ ಗೊತ್ತಾಯಿತು, ಇವಳೂ ಹೆದರಿದ್ದಾಳೆ. ನನಗಿಂತ ಹೆಚ್ಚು. ಅತ್ತೆ ಕರಗಿರದಿದ್ದರೆ ಅದೇ ಗುಂಡಿಗೆ ಮತ್ತೆ ಹಾಕಬೇಕು, ಇನ್ನೆರಡು ಮೂರು ವರ್ಷ. ಆಗ ಚಿಕ್ಕಮ್ಮನಿಗೆ ಗಂಡನ ಮಣ್ಣಿಲ್ಲ. ತನ್ನ ಬಾಯಿಂದಲೇ ತನ್ನ ಹಾಸಿಗೆ ಕಳೆದುಕೊಂಡ ಹಾಗೆ.

ಖುಷಿಪಡಬಹುದಿತ್ತು. ಸ್ವಲ್ಪ ಪಟ್ಟೆ ಕೂಡ. ಆಮೇಲೆ ನೆನಪಾಯಿತು, ಬಯಲಿಗೆ ಬೀಳುವುದು ಅತ್ತೆಯ ಮುಖ.

ಫೆ. 26, ಮಂಗಳವಾರ

ಬೇಕರಿಗೆ ಹೋಗಬಾರದಿತ್ತು. ಒಳಗೆ ಕಾಲಿಟ್ಟ ಕೂಡಲೇ ಮಾತು ನಿಂತಿತು. ಬೇಕರಿಯವನ ತಾಯಿ ಮಾತ್ರ ನಿಲ್ಲಿಸಲಾರದವಳು.

“ಅಸಿಮೀನಾ, ಧೈರ್ಯವಾಗಿರಮ್ಮ. ಕೆಳಗಿನೂರಲ್ಲಿ ಹೋದ ವರ್ಷ ಆಯ್ತಲ್ಲ, ಆ ಸ್ಟಾವ್ರೋಸಂದು. ಕೂದ್ಲು, ಉಗುರು ಎಲ್ಲ ಹಾಗೇ ಇತ್ತಂತೆ! ಗಡಿಕಲ್ಲು ಸರಿಸಿದ್ದನಂತೆ, ಆಮೇಲೆ ಗೊತ್ತಾಯ್ತು. ಅವನ ಮಕ್ಕಳು ಕಾಫಿ ಅಂಗಡಿಗೆ ಬರೋದೇ ಬಿಟ್ರು.”

“ನಮ್ಮತ್ತೆ ಯಾರ ಕಲ್ಲೂ ಸರಿಸಿಲ್ಲ.”

“ಅಯ್ಯೋ, ನಾನೆಲ್ಲಿ ಹಾಗಂದೆ! ಆದ್ರೂ... ಶಾಪ ಅನ್ನೋದು ಸುಮ್ನೆ ತಟ್ಟುತ್ತಾ? ಏನೋ ಒಂದು ಇರುತ್ತೆ. ಅಷ್ಟೊಂದು ಕೊಡೋರು ಯಾಕೆ ಕೊಡ್ತಾರೆ, ಹೇಳು?”

ಈ ಹೆಂಗಸಿಗೆ ಮೂರು ಬಾಣಂತನಕ್ಕೂ ಕೋಳಿ ಸಾರು ಹೊತ್ತವಳು ಅತ್ತೆ. ಉಪ್ಪು ತಿಂದ ಮನೆಗೆ ಎರಡು ಬಗೆಯುವುದು ಅಂದರೆ ಇದೇ. ಬ್ರೆಡ್ಡನ್ನು ಕೌಂಟರಿನ ಮೇಲೇ ಬಿಟ್ಟು ಬಂದೆ. ಈಗ ಮನೆಯಲ್ಲಿ ಬ್ರೆಡ್ಡಿಲ್ಲ, ಸೊಕ್ಕಿಗೆ ತಕ್ಕದ್ದು.

ಆದರೆ ಅದು ತಲೆಯಲ್ಲಿ ಕೂತಿದೆ. ಶನಿವಾರ ಕೆಟ್ಟದ್ದು ಕಂಡರೆ ಎಂಬತ್ತನಾಲ್ಕು ವರ್ಷದ ಬದುಕೆಲ್ಲ ಅಳಿಸಿಹೋಗುತ್ತದೆ. ರೊಟ್ಟಿ, ಸೂಪು, ಬೂಟು, ಬಸ್ಸು, ಯಾವುದೂ ಉಳಿಯುವುದಿಲ್ಲ. ಅಯ್ಯೋ ಅವಳಾ, ಕರಗದವಳು... ಅಷ್ಟೇ ಉಳಿಯುತ್ತದೆ.

ದ್ರೀತಾ ಸಂಜೆ ಬಂದಳು, ಬ್ರೆಡ್ಡು ಹಿಡಿದುಕೊಂಡು. ಸುದ್ದಿ ಅಷ್ಟು ಬೇಗ ಕೆಳಗಿನ ಮನೆ ಮುಟ್ಟಿದೆ.

“ಅಕ್ಕಾ, ಕೊನೇ ತಿಂಗಳು ಎಷ್ಟು ಇಂಜೆಕ್ಷನ್ ಕೊಟ್ರು ಪೊಲಿಕ್ಸೇನಿ ಅಮ್ಮಂಗೆ. ಔಷಧಿ ಮೈಯಲ್ಲಿದ್ರೆ ಬೇಗ ಕರಗಲ್ಲ ಅಂತಾರಲ್ಲ? ಆ ಕಡೆ ಮಣ್ಣೂ ಜೇಡಿ.”

“ಸುಮ್ನಿರೇ.”

“ನಮ್ಮ ಕಡೆ ಹೀಗೆ ತೆಗೆಯಲ್ಲ. ಮಲಗಿಸಿದ್ಮೇಲೆ ಮುಗೀತು, ಏಳಿಸಲ್ಲ.” ಬ್ರೆಡ್ಡು ಮೇಜಿಗಿಟ್ಟು, “ನಂಗೆ ಮನೆ ಕೊಟ್ಟಿದ್ದಕ್ಕಲ್ವಾ ಅಕ್ಕಾ ಇದೆಲ್ಲ? ಕೊಡದೇ ಇದ್ದಿದ್ರೆ...”

ಕೊಡದಿದ್ದರೆ ಅವಳ ಕೂಸು ಆ ಚಳಿಗೆ ಉಳಿಯುತ್ತಿರಲಿಲ್ಲ. ಈಗ ಆ ಕೂಸು ಪಟ್ಟಣದಲ್ಲಿ ನರ್ಸು. ಅದನ್ನೇ ಹೇಳಿದೆ. ಇಬ್ಬರೂ ಅತ್ತೆವು. ಆಮೇಲೆ ಬ್ರೆಡ್ಡು ಆಲಿವ್ ತಿಂದೆವು.

ಮಾರ್ಚ್ 3, ಭಾನುವಾರ

ಬರೆಯಲು ಮನಸ್ಸಿರಲಿಲ್ಲ. ನಡುವೆ ಚಿಕ್ಕಮ್ಮನನ್ನು ಆಸ್ಪತ್ರೆಗೆ ಒಯ್ದರು. ಮೂಗಿನ ಪೈಪು ಕಿತ್ತುಹಾಕಿ, ನರ್ಸಿಗೆ ಬೈದು, ಮನೆಗೇ ಕರ್ಕೊಂಡು ಹೋಗಿ ಎಂದು ಹಟಮಾಡಿ ವಾಪಸು ಬಂದಿದ್ದಾಳೆ.

ಇವತ್ತು ಲಾಂಬ್ರೋಸ್ ಬಂದ. ಕೂರಲಿಲ್ಲ. ಟೋಪಿ ತಿರುಗಿಸುತ್ತ ನಿಂತ.

“ಅಕ್ಕಾ, ಒಂದು ಮಾತು. ಶನಿವಾರ ಬೇಡ. ಗುರುವಾರ ಬೆಳಿಗ್ಗೆ ನಾನೂ ನೀನೂ ಪಾದ್ರಿಗಳೂ, ಮೂರೇ ಜನ. ಮೆಲ್ಲಗೆ ತೆಗೆದು ನೋಡೋಣ. ಚೆನ್ನಾಗಿದ್ರೆ ಶನಿವಾರ ಎಲ್ಲರ ಮುಂದೆ ತೆಗೆಯೋಣ. ಇಲ್ಲಾಂದ್ರೆ ಮುಚ್ಚಿಬಿಡೋಣ, ಮಳೆ ಬಂತು ಅಂತ ಮುಂದಕ್ಕೆ ಹಾಕಿದ್ರಾಯ್ತು. ಅತ್ತೆ ಮಾನವೂ ಉಳಿಯುತ್ತೆ, ಅಮ್ಮಂದೂ ಉಳಿಯುತ್ತೆ.”

ಒಳ್ಳೆಯ ಹುಡುಗ. ಐವತ್ತು ದಾಟಿದ್ದಾನೆ, ನನಗೆ ಹುಡುಗನೇ. ಅತ್ತೆ ಮೇಲೆ ಅವನಿಗೆ ಒಂದು ದಿನವೂ ಕೋಪವಿರಲಿಲ್ಲ. ತಾಯಿಗೆ ಕಾಣದ ಹಾಗೆ ಬಂದು ಅವಳ ಸೂಪು ಕುಡಿಯುತ್ತಿದ್ದ.

ಹೂಂ ಅನ್ನಲು ಬಾಯಿ ತೆರೆದೆ. ತೆರೆದು, “ಕಳ್ಳರ ಥರ ತೆಗೆಯೋಕೆ ಅವಳೇನು ಕದ್ದ ಮಾಲಾ?” ಅಂದುಬಿಟ್ಟೆ. ಅವನು ಮುಖ ಸಣ್ಣ ಮಾಡಿಕೊಂಡು ಹೋದ.

ಯಾಕೆ ಬೇಡವೆಂದೆ? ಈಗ ಕೈ ಹಿಸುಕಿಕೊಳ್ಳುತ್ತಿದ್ದೇನೆ. ಫೋನ್ ಮಾಡಿ ಸರಿ ಅನ್ನಲೇ? ಎರಡು ಸಲ ಫೋನ್ ಎತ್ತಿದೆ. ಇಟ್ಟೆ.

ಮಾರ್ಚ್ 6, ಬುಧವಾರ

ಪೆಟ್ಟಿಗೆ ಬಂತು. ತಗಡಿನದು, ಹೆಸರು ಬರೆಸಿದ್ದೇನೆ. ಬಿಳಿ ಬಟ್ಟೆ ಒಗೆದು ಇಸ್ತ್ರಿ ಮಾಡಿದೆ. ಪೆಟ್ಟಿಗೆ ತುಂಬ ಚಿಕ್ಕದು. ಬಾಗಿಲು ತುಂಬುವ ಹಾಗಿದ್ದ ಹೆಂಗಸು.

ಮತ್ತೆ ಚಿಕ್ಕಮ್ಮನ ಹತ್ತಿರ ಹೋದೆ. ಅಂಗಲಾಚುವುದು ನನ್ನ ಜಾಯಮಾನವಲ್ಲ. ಅಂಗಲಾಚಿದೆ.

“ಒಂದು ಮಾತು ಚಿಕ್ಕಮ್ಮ. ಇಲ್ಲೇ ಹೇಳಿ, ಈ ಹಾಸಿಗೆ ಮೇಲೇ. ಬಿಟ್ಟಿದ್ದೀನಿ ಅಂತ.”

“ಇಲ್ಲಿ ಹೇಳಿದ್ರೆ ಆಗಲ್ಲ. ಮಣ್ಣಿನ ಮುಂದೆ ಅಂದಿದ್ದು, ಮಣ್ಣಿನ ಮುಂದೇನೇ ತೆಗೀಬೇಕು.”

“ಹಾಗಾದ್ರೆ ಶನಿವಾರ ಬನ್ನಿ. ಲಾಂಬ್ರೋಸ್ ಕಾರಿದೆ.”

“ಬಂದು?” ಎದ್ದು ಕೂರಲು ನೋಡಿದಳು, ಆಗಲಿಲ್ಲ. “ಅವಳು ಕರಗಿದ್ರೆ ನನ್ನ ಮಾತು ಬೀದಿನಾಯಿ ಬೊಗಳಿದ ಹಾಗೆ ಅಂತಾರೆ. ಕರಗದೇ ಇದ್ರೆ ಮಾಟಗಾತಿ ಅಂತಾರೆ. ಯಾವ ಕಡೆ ಬಿದ್ರೂ ಕೆಟ್ಟೋಳು ನಾನೇ. ಅದನ್ನ ನೋಡೋಕೆ ಕಾರಲ್ಲಿ ಕೂತು ಬರ್ಬೇಕಾ?”

“ಅವಳು ನಿಮಗೇನು ಕಡಿಮೆ ಮಾಡಿದ್ಲು?”

ಕೇಳಬಾರದಿತ್ತು. ಚಿಕ್ಕಮ್ಮ ತುಂಬ ಹೊತ್ತು ಉಸಿರೆಳೆದುಕೊಂಡಳು.

“ನಿಂಗೆ ಗೊತ್ತಾ, ನಾನು ಅವಳ ಹತ್ರ ಜೀವಮಾನದಲ್ಲಿ ಒಂದೇ ಒಂದು ಕೇಳಿದ್ದು. ಒಂದೇ. ಹಬ್ಬಕ್ಕೆ ಕರೀದೇನೇ ಬಟ್ಟೆ ತಂದುಕೊಡ್ತಿದ್ಲು, ಪೈ ತಂದುಕೊಡ್ತಿದ್ಲು, ಹೆರಿಗೆಗೆ ಬಂದು ಕೂರ್ತಿದ್ಲು. ನಾನು ಕೇಳಿದ್ನಾ? ಕೇಳಿದ್ದು ಆ ಮನೆ. ನನ್ನ ಮಗನಿಗೆ. ಅದನ್ನ ದಾರೀಲಿ ಹೋಗೋರಿಗೆ ಕೊಟ್ಲು. ಊರೆಲ್ಲ ‘ಆಹಾ ಪೊಲಿಕ್ಸೇನಿ’ ಅಂತು. ನನ್ನ ಮಗ ಮದುವೆಗೆ ಮನೆ ಇಲ್ದೆ ಪಟ್ಟಣಕ್ಕೆ ಹೋದ. ಅದಕ್ಕೆ ಯಾರೂ ಏನೂ ಅನ್ನಲಿಲ್ಲ.”

ಇಪ್ಪತ್ತೊಂದು ವರ್ಷದಲ್ಲಿ ಇವಳ ಕಡೆಯಿಂದ ಒಂದು ಸಲವೂ ಯೋಚಿಸಿರಲಿಲ್ಲ. ನನ್ನ ಬೂಟು ನೆನಪಾಯಿತು. ಛೆ. ಬೂಟಿಗೂ ಮನೆಗೂ ಏನು ಹೋಲಿಕೆ! ಆದರೂ ನೆನಪಾಯಿತು.

ಬಾಗಿಲ ಹತ್ತಿರ ಬಂದಾಗ ಕೂಗಿದಳು. “ಬರಲ್ಲ ಕಣೇ. ಕಾಯಬೇಡ.”

ಮಾರ್ಚ್ 8, ಶುಕ್ರವಾರ

ನಾಳೆ ಸತ್ತವರ ಹೆಸರಲ್ಲಿ ಹಂಚಲು ಗೋಧಿ ಬೇಯಿಸಿದೆ. ಬಟ್ಟೆಯ ಮೇಲೆ ಹರಡಿ ಆರಿಸಿದೆ. ಸಕ್ಕರೆ, ಒಣದ್ರಾಕ್ಷಿ, ದಾಳಿಂಬೆ. ಮೇಲೆ ಬಾದಾಮಿಯಲ್ಲಿ ಅಡ್ಡಗೆರೆ ಎಳೆಯುವಾಗ ಶಿಲುಬೆ ವಕ್ರವಾಯಿತು. ಅಳಿಸಿ ಮತ್ತೆ ಮಾಡಿದೆ. ಮತ್ತೆ ವಕ್ರ. ಹೋಗಲಿ.

ದೇವರೇ, ನನಗೆ ಭಯವಾಗುತ್ತಿದೆ. ಸ್ವಚ್ಛವಾಗಿ ಬರಲಿ. ಬೇರೇನೂ ಕೇಳುವುದಿಲ್ಲ. ನನ್ನ ಮೊಣಕಾಲು ಹೀಗೇ ಇರಲಿ, ಪಿಂಚಣಿ ಇನ್ನೂ ಕಡಿಮೆಯಾಗಲಿ. ಅವಳು ಸ್ವಚ್ಛವಾಗಿ ಬರಲಿ.

ಮಾರ್ಚ್ 9, ಶನಿವಾರ. ಮಧ್ಯಾಹ್ನ

ಉಗುರಲ್ಲಿ ಇನ್ನೂ ಮಣ್ಣಿದೆ. ಈಗಲೇ ಬರೆಯುತ್ತೇನೆ.

ಊರೆಲ್ಲ ಬಂದಿತ್ತು. ಉಪ್ಪು ತಿಂದವರು, ತಿನ್ನದವರು, ಬೇಕರಿಯವನ ತಾಯಿ ಎಲ್ಲರಿಗಿಂತ ಮುಂದೆ. ದ್ರೀತಾ ಗೋಡೆಗೆ ಒರಗಿ ನಿಂತಿದ್ದಳು, ಸುಣ್ಣ ಬಳಿದ ಮುಖ. ಗೇಟಿನ ಹೊರಗೆ ಲಾಂಬ್ರೋಸನ ಕಾರು. ಹಿಂದಿನ ಸೀಟಿನಲ್ಲಿ ಕಪ್ಪು ತಲೆವಸ್ತ್ರ. ಬಂದಿದ್ದಾಳೆ! ಕಿಟಕಿ ಗಾಜು ಏರಿಸಿತ್ತು. ಇಳಿಯಲಿಲ್ಲ.

ಪೂಜೆಯಾಯಿತು. ಗಂಡಸರಿಬ್ಬರು ಎದೆಯುದ್ದ ಅಗೆದು ಮೇಲೆ ಬಂದರು. ಮುಂದಿನದು ಹೆಂಗಸರ ಕೆಲಸ. ನಾನು ಇಳಿದೆ. ಮೊಣಕಾಲು ಕಿರುಚಿತು. ಮೇಲೆ ಹೆಂಗಸರು ಹಾಡೆತ್ತಿದರು, ಏಳು ಪೊಲಿಕ್ಸೇನಿ, ಬೆಳಕಾಯ್ತು, ಬಾಗಿಲು ತೆರೆ... ಕೈಗುದ್ದಲಿಯಲ್ಲಿ ಕೆರೆದೆ. ಕೊಳೆತ ಹಲಗೆ ಪುಡಿಪುಡಿಯಾಗಿ ಬಂತು. ಆಮೇಲೆ ಬೆರಳಲ್ಲೇ.

ಬಟ್ಟೆ ಕಂಡಿತು. ತಲೆವಸ್ತ್ರ. ಹಸಿರು, ಕೆಂಪು ಹೂವು, ಒಂದೂ ಬಣ್ಣ ಬಿಟ್ಟಿಲ್ಲ. ಗಂಟು ಹಾಗೇ. ತುಂಬಿಕೊಂಡು ಗುಂಡಗೆ, ಬೆಳಿಗ್ಗೆ ತಾನೇ ಕಟ್ಟಿಕೊಂಡು ಮಲಗಿದವಳ ಹಾಗೆ.

ಹಾಡು ನಿಂತಿತು.

“ದೇವಮಾತೇ... ಹಾಗೇ ಇದ್ದಾಳೆ!” ಬೇಕರಿಯವನ ತಾಯಿ. “ಕರಗಿಲ್ಲ! ಕರಗಿಲ್ಲ ಕಣ್ರೇ!”

ಯಾರೋ ಅತ್ತರು. ಯಾರೋ ಹಿಂದೆ ಸರಿದರು, ಮಣ್ಣು ನನ್ನ ಬೆನ್ನ ಮೇಲೆ ಉದುರಿತು. ಪಾದ್ರಿಯ ಮಂತ್ರವೂ ನಿಂತಿತು.

ಆದರೆ ನನ್ನ ಕೈ ಆಗಲೇ ಬಟ್ಟೆಯ ಕೆಳಗೆ ಹೋಗಿತ್ತು. ಬೆರಳಿಗೆ ಗಟ್ಟಿ ತಾಕಿತು. ಒಣಗಿದ್ದು. ನುಣುಪು. ಹಣೆ. ಹುಬ್ಬಿನ ಏಣು. ಬರೀ ಎಲುಬು, ಬೇರೇನೂ ಇಲ್ಲ. ತಲೆವಸ್ತ್ರ ಸಂತೆಯ ನೈಲಾನು — ಮಣ್ಣಿಗಿಡುವಾಗ ದ್ರೀತಾ ಕಟ್ಟಿದ್ದು. ನೈಲಾನು ನೂರು ವರ್ಷವಾದರೂ ಕರಗುವುದಿಲ್ಲ. ಅತ್ತೆ ಕರಗಿದ್ದಳು. ಮೇಣದ ಹಾಗೆ ಸ್ವಚ್ಛವಾಗಿ ಕರಗಿಬಿಟ್ಟಿದ್ದಳು.

ಕೂಗಲು ಬಾಯಿ ತೆರೆದೆ. ಆಗ ಕಾರಿನ ಬಾಗಿಲು ಬಡಿದ ಸದ್ದು.

ತಲೆಯೆತ್ತಿ ನೋಡಿದೆ. ಚಿಕ್ಕಮ್ಮ ಇಳಿದಿದ್ದಳು. ಲಾಂಬ್ರೋಸ್ ಹಿಡಿದುಕೊಳ್ಳಲು ಹೋದರೆ ಕೈ ಕೊಡವಿದಳು. ಊದಿದ ಕಾಲು ಎಳೆದುಕೊಂಡು ಬರುತ್ತಿದ್ದಳು, ಜನ ದಾರಿ ಬಿಟ್ಟರು. ಒಂದು ಮಾತು ಕೂಗಿದ್ದರೆ ಸಾಕಿತ್ತು, ಅಲ್ಲೇ ನಿಲ್ಲುತ್ತಿದ್ದಳು. ವಾಪಸು ಕಾರಿಗೆ ಹೋಗುತ್ತಿದ್ದಳು.

ಬಾಯಿ ಮುಚ್ಚಿಕೊಂಡೆ. ಬಟ್ಟೆಯ ಮೇಲೆ ಅಂಗೈ ಒತ್ತಿ ಹಿಡಿದೆ. ಬೆನ್ನು ಬಗ್ಗಿಸಿ ಅಡ್ಡ ಮಾಡಿದೆ.

ಗುಂಡಿಯ ಅಂಚಿಗೆ ಬಂದಳು. ತಾನೇ ತಲೆವಸ್ತ್ರ ಬಿಚ್ಚಿದಳು. ಕೂದಲು ಎಷ್ಟು ಉದುರಿಹೋಗಿದೆ! ಮಂಡಿಯೂರಿದಳು, ಎರಡೂ ಅಂಗೈ ನೆಲಕ್ಕಿಟ್ಟಳು. ಬಡಿಯಲಿಲ್ಲ.

“ಪೊಲಿಕ್ಸೇನಿ. ಆ ಮನೆ ನನ್ನ ಮಗನಿಗೆ ಬರ್ಬೇಕಿತ್ತು. ಅವತ್ತೂ ಅದೇ ಅಂದೆ, ಇವತ್ತೂ ಅದೇ ಅಂತೀನಿ.” ಉಸಿರು ಸಾಲಲಿಲ್ಲ. ನಿಲ್ಲಿಸಿ ಮತ್ತೆ, “ಆದ್ರೂ ಬಿಟ್ಟೆ. ನನ್ನ ಮಾತು ವಾಪಸ್ ತಗೊಂಡೆ. ಮಣ್ಣು ನಿನ್ನ ಕರಗಿಸಲಿ. ನಂಗೆ ಕ್ಷಮೆ, ನಿಂಗೆ ಕ್ಷಮೆ.”

“ಮೂರು ಸಲ, ದಿಯಾಮಾಂತೋ,” ಪಾದ್ರಿ ಮೆಲ್ಲಗೆ ಅಂದರು.

ಮೂರು ಸಲ ಹೇಳಿದಳು. ಕೊನೆಯ ಸಲ ದನಿಯೇ ಬರಲಿಲ್ಲ. ತುಟಿ ಅಲುಗಿತು. ಅವತ್ತು ಹೆಣದ ಮುಂದೆ ಅಲುಗದ ತುಟಿ.

ಆಗ ಗಂಟು ಬಿಚ್ಚಿದೆ. ತಲೆಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಜೇನುಮೇಣದ ಬಣ್ಣ, ಒಂದು ಕಲೆಯಿಲ್ಲ. ಜನರ ಬಾಯಿಂದ ಬಂದ ಸದ್ದನ್ನು ಬರೆಯಲಾರೆ. ದ್ರೀತಾ ಗೋಡೆಯುದ್ದಕ್ಕೂ ಜಾರಿ ನೆಲಕ್ಕೆ ಕೂತಳು. ಚಿಕ್ಕಮ್ಮ ಕೈಚಾಚಿದಳು, ಕೊಟ್ಟೆ. ಹಣೆಗೆ ಮುತ್ತಿಟ್ಟಳು. ತೊಡೆಯ ಮೇಲಿಟ್ಟುಕೊಂಡು ವೈನು ಕೇಳಿದಳು, ತಾನೇ ತೊಳೆದಳು, ಕಣ್ಣಿನ ಗುಳಿ, ಕೆನ್ನೆ, ಹಿಂದಲೆ. ಯಾರೂ ಮುಟ್ಟಲು ಬಿಡಲಿಲ್ಲ.

ಮಾರ್ಚ್ 10, ಭಾನುವಾರ

ಕಾಫಿ ಅಂಗಡಿ ಎರಡು ಪಕ್ಷವಾಗಿದೆಯಂತೆ. ದಿಯಾಮಾಂತೋ ಮಾತು ಬಿಟ್ಟ ಕ್ಷಣವೇ ಕರಗಿತು, ನಾವು ಕಣ್ಣಾರೆ ಕಂಡೆವು ಅನ್ನುವವರು ಒಂದು ಕಡೆ. ಅಂಥ ಪುಣ್ಯಾತ್ಮಳಿಗೆ ಶಾಪ ತಟ್ಟೀತೇ ಅನ್ನುವವರು ಇನ್ನೊಂದು ಕಡೆ. ಬೇಕರಿಯವನ ತಾಯಿ ಎರಡೂ ಪಕ್ಷದಲ್ಲಿದ್ದಾಳೆ. ನಾನು ಹೋದಲ್ಲೆಲ್ಲ ಅತ್ತೆಯ ಸೂಪು, ಅತ್ತೆಯ ಪೈ, ಅತ್ತೆಯ ಬೈಗುಳ. ಎಲ್ಲರಿಗೂ ಒಟ್ಟಿಗೆ ನೆನಪು ಬಂದಿದೆ.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದರೆ ಏನು ಹೇಳಲಿ? ಸೇಡಿಗೆ ಬಾಯಿ ಮುಚ್ಚಿದೆನೋ, ಕರುಣೆಗೋ? ಆಗ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಮಾರ್ಚ್ 14, ಗುರುವಾರ

ಚಿಕ್ಕಮ್ಮ ಹೇಳಿಕಳಿಸಿದ್ದಳು. ಸೀರಿಯಸ್ ಆಗಿದ್ದಾಳೆ, ತುಟಿ ನೀಲಿ. ಲಾಂಬ್ರೋಸನನ್ನು ಹೊರಗೆ ಕಳಿಸಿದಳು. ನಾನು ಬೀನ್ಸ್ ಸೂಪು ಒಯ್ದಿದ್ದೆ. ಎರಡು ಚಮಚ ಕುಡಿದು, ಉಪ್ಪು ಕಡಿಮೆ ಅಂದಳು.

“ನಿಜ ಹೇಳು. ನಾನು ಬಾಯಿ ಬಿಡೋಕ್ಮುಂಚೇನೇ ಕರಗಿದ್ಲು, ಅಲ್ವಾ?”

“ಹೌದು ಚಿಕ್ಕಮ್ಮ.”

“ಪೂರ್ತಿ?”

“ಪೂರ್ತಿ.”

ಕಣ್ಣು ಮುಚ್ಚಿಕೊಂಡಳು. ಬೇಜಾರಾಯಿತೇನೋ ಅಂದುಕೊಂಡೆ. ಇಲ್ಲ. ಮುಖ ಸಡಿಲವಾಯಿತು.

“ಹಾಗಾದ್ರೆ ನಾನು ಅವಳನ್ನ ಅಲ್ಲಿ ಹಿಡಿದಿಟ್ಟಿರ್ಲಿಲ್ಲ. ಐದು ವರ್ಷ ಅದೇ ಯೋಚನೆ ಕಣೇ. ಕತ್ತಲಲ್ಲಿ ಹಾಗೇ ಬಿದ್ದಿದ್ದಾಳೆ, ನನ್ನಿಂದ, ಅಂತ.” ಆಮೇಲೆ ಒಂದು ಕಣ್ಣು ತೆರೆದು, “ನಿನ್ನ ಕೈ ಬಟ್ಟೆ ಒಳಗೇ ಇತ್ತು. ನಿಂಗೆ ಗೊತ್ತಿತ್ತು.”

“ಗೊತ್ತಿತ್ತು.”

“ಕೂಗಲಿಲ್ಲ.”

“ಕೂಗಲಿಲ್ಲ.”

“ಅವಳೇ ಸಾಕಿದ ಹುಡುಗಿ ಸರಿ. ಕೇಳಿದ್ದು ಕೊಡಲ್ಲ, ಕೇಳದೇ ಇದ್ದಿದ್ದನ್ನ ತಂದು ಮಡಿಲಿಗೆ ಹಾಕ್ತೀರಿ.” ನಕ್ಕಳೋ ಕೆಮ್ಮಿದಳೋ. ನೀರು ಕುಡಿಸಿದೆ. ಬಾಯಿ ಒರೆಸಿದೆ. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡಳು, ಆ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

“ಐದು ವರ್ಷಕ್ಕೆ ನನ್ನನ್ನ ಯಾರು ಎತ್ತುತ್ತಾರೆ?”

ಐದು ವರ್ಷಕ್ಕೆ ನನಗೆ ಅರವತ್ತೆಂಟು. ಈ ಮೊಣಕಾಲು. “ನಾನೇ ಎತ್ತುತ್ತೀನಿ.”

“ನಾನು ಶಾಪ ಹಾಕಿದೋಳು. ನಾನು ಕರಗ್ತೀನೋ ಇಲ್ವೋ.”

“ಕರಗ್ತೀರಿ.”

“ಈಗ ಕೇಳ್ತಿದ್ದೀನಿ ನೋಡು. ಬಾಯಿ ಬಿಟ್ಟು ಕೇಳ್ತಿದ್ದೀನಿ.” ಮಣಿಕಟ್ಟು ಬಿಡಲಿಲ್ಲ. “ನಿನ್ನ ಕೈಗೆ ಸಿಕ್ಕ ಕೂಡ್ಲೇ ಕೂಗಿಬಿಡು. ಸ್ವಚ್ಛವಾಗಿದಾಳೆ ಅಂತ. ಜನ ಬಗ್ಗಿ ನೋಡೋಕ್ಮುಂಚೆ. ಹೇಗೇ ಇರ್ಲಿ ನಾನು, ಹಾಗೇ ಕೂಗು.”

ಅತ್ತೆಯಾಗಿದ್ದರೆ ಏನನ್ನುತ್ತಿದ್ದಳು ಎಂದು ಯೋಚಿಸಲು ಹೊರಟೆ. ಬಿಟ್ಟೆ. ಕೇಳಿದ್ದು ನನ್ನನ್ನು.

“ಕೂಗ್ತೀನಿ ಚಿಕ್ಕಮ್ಮ,” ಅಂದೆ.

“ಆಣೆ?”

“ಆಣೆ.”

“ಗಟ್ಟಿಯಾಗಿ ಕೂಗ್ಬೇಕು. ಬೇಕರಿ ತನಕ ಕೇಳಿಸ್ಬೇಕು. ನಿನ್ನ ಗಂಟಲು ನಂಗೊತ್ತು, ಇಲಿ ಥರ. ಈಗೊಂದ್ಸಲ ಕೂಗು ನೋಡೋಣ.”

ಹೊರಗೆ ಲಾಂಬ್ರೋಸ್ ಇದ್ದ. ಬೀದಿಯಲ್ಲಿ ಜನ. ನಾಚಿಕೆಯಾಯಿತು. ಆದರೂ ಎದ್ದು ನಿಂತು, ಕಿಟಕಿ ತೆರೆದು, ಎದೆತುಂಬ ಉಸಿರೆಳೆದುಕೊಂಡು ಕೂಗಿದೆ: “ಸ್ವಚ್ಛವಾಗಿದಾಳೆ!”